ಕಸದ ಬ್ಯಾಕ್‌ಲಿಂಕ್: ಸುಮ್ನೆ ಬಿಡೋದಾ, ಡಿಸವೌ ಮಾಡೋದಾ, ಮೇಲ್ ಹಾಕೋದಾ?

ಸೈಟು ಹುಡುಕಾಟದಲ್ಲಿ ಹೇಗಿದೆ ಅಂತ ತೋರಿಸುವ ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ ಲಿಂಕ್ಸ್ ವರದಿ ತೆಗೆದರೆ, ನಮ್ಮ ಸೈಟಿಗೆ ಲಿಂಕು (ಅದೇ ಬ್ಯಾಕ್‌ಲಿಂಕ್) ಕೊಟ್ಟ, ಹೆಸರೇ ಕೇಳದ ಸೈಟುಗಳ ಸಾಲು. ಜೂಜು, ಮಾತ್ರೆ, ಸಾಲ, ತಲೆಬುಡ ಇಲ್ಲದ ಪುಟಗಳು. ಇದರಿಂದ ರ್‍ಯಾಂಕ್ ಬಿದ್ದುಹೋಗುತ್ತಾ ಅಂತ ಭಯ ಆಗೋದು ಸಹಜ. ನಾನು ನೋಡಿಕೊಳ್ಳುವ ಸೈಟುಗಳಲ್ಲಿ ಬೇರೆ ಬೇರೆ ದಾರಿ ಹಿಡಿದು ನೋಡಿದ್ದೇನೆ: ಸುಮ್ನೆ ಬಿಡೋದು, ಡಿಸವೌ ಮಾಡೋದು (ಈ ಲಿಂಕು ಲೆಕ್ಕಕ್ಕೆ ತಗೋಬೇಡಿ ಅಂತ ಗೂಗಲ್‌ಗೆ ಹೇಳೋದು), ಲಿಂಕು ತೆಗೀರಿ ಅಂತ ಆ ಸೈಟಿನವರಿಗೆ ಮೇಲ್ ಹಾಕೋದು. ನನ್ನ ಓಟು ಸುಮ್ನೆ ಬಿಡೋದಕ್ಕೆ, ಒಂದು ಸಂದರ್ಭ ಬಿಟ್ಟು.

ಒಂದು ಫೋಟೋಗ್ರಫಿ ಸೈಟಿಗೆ ಇಂಥ ಲಿಂಕು ರಾಶಿ ಬಿದ್ದಿದ್ದವು. ಜಾಸ್ತಿ ಪಾಲು ಚಿತ್ರ ಎತ್ತಿಕೊಂಡು ಹಾಕುವ ವಾಲ್‌ಪೇಪರ್ ಸೈಟುಗಳದ್ದು. ಒಂದನ್ನೂ ಮುಟ್ಟಲಿಲ್ಲ. ತಿಂಗಳುಗಟ್ಟಲೆ ನೋಡಿದೆ, ಲಿಂಕು ಸುರಿದ ವಾರಗಳಿಗೂ ಇಂಪ್ರೆಶನ್ (ಹುಡುಕಾಟದಲ್ಲಿ ಸೈಟು ಎಷ್ಟು ಸಲ ಕಾಣಿಸಿತು ಅನ್ನೋ ಲೆಕ್ಕ) ಗೆರೆ ಏರಿಳಿದ ವಾರಗಳಿಗೂ ಸಂಬಂಧವೇ ಕಾಣಲಿಲ್ಲ.

ಇದಕ್ಕೆ ಕಾರಣ ಇದೆ. 2012ರ ಏಪ್ರಿಲ್‌ನಲ್ಲಿ ಗೂಗಲ್ ಕಸದ ಲಿಂಕು ಹಿಡಿಯೋಕೆ ಪೆಂಗ್ವಿನ್ ಅನ್ನೋ ಅಪ್‌ಡೇಟ್ ಬಿಟ್ಟಾಗ ಕೆಟ್ಟ ಲಿಂಕಿಗೆ ನಿಜವಾಗಿಯೂ ಶಿಕ್ಷೆ ಇತ್ತು, ಸೈಟು ಕೆಳಗೆ ಹೋಗುತ್ತಿತ್ತು. ಒಮ್ಮೆ ಸಿಕ್ಕಿಬಿದ್ದರೆ ಮುಂದಿನ ಪೆಂಗ್ವಿನ್ ಬರುವವರೆಗೆ ಕಾಯಬೇಕಿತ್ತು. 2014ರ ಅಕ್ಟೋಬರ್‌ನದ್ದಾದ ಮೇಲೆ ಮುಂದಿನದು ಬಂದಿದ್ದು 2016ರ ಸೆಪ್ಟೆಂಬರ್‌ನಲ್ಲಿ, ಹತ್ತಿರ ಹತ್ತಿರ ಎರಡು ವರ್ಷ ಬಿಟ್ಟು! ಆದರೆ ಆ 2016ರ ಪೆಂಗ್ವಿನ್ ರೀತಿಯೇ ಬೇರೆ. ಕಸದ ಲಿಂಕಿಗೆ ಸೈಟನ್ನು ತುಳಿಯುವ ಬದಲು ಆ ಲಿಂಕನ್ನೇ ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಡುತ್ತದೆ. 2022ರ ಡಿಸೆಂಬರ್‌ನಿಂದ ಲಿಂಕ್ ಹಿಡಿಯೋದಕ್ಕೆ ಗೂಗಲ್‌ನ ಎಐ ವ್ಯವಸ್ಥೆ ಸ್ಪ್ಯಾಮ್‌ಬ್ರೈನ್ ಕೂಡ ಸೇರಿಕೊಂಡಿದೆ. ಲಿಂಕು ಕೊಂಡವರು, ಲಿಂಕು ಮಾರಲಿಕ್ಕೆಂದೇ ಇರುವ ಸೈಟುಗಳು ಎರಡನ್ನೂ ಅದು ಗುರುತಿಸುತ್ತದೆ. ಜನ ಇನ್ನೂ 2012ರ ಭಯದಲ್ಲೇ ಇದ್ದಾರೆ ಅಷ್ಟೆ.

ಹೆಚ್ಚುಕಡಿಮೆ ಅಂಥದ್ದೇ ಇನ್ನೊಂದು ಸೈಟಿನಲ್ಲಿ ಡಿಸವೌ ಮಾಡಿದೆ. ಕೆಲಸ ಕಷ್ಟದ್ದಲ್ಲ. ಒಂದು ಟೆಕ್ಸ್ಟ್ ಫೈಲು, ಸಾಲಿಗೊಂದು ಸೈಟು, ಹೆಸರಿಗೆ ಮೊದಲು ಡೊಮೈನ್ ಅಂತ ಇಂಗ್ಲಿಷಿನಲ್ಲಿ ಬರೆದು ಕೋಲನ್ ಹಾಕಬೇಕು. ಆದರೆ ಆ ಪುಟ ಸರ್ಚ್ ಕನ್ಸೋಲ್ ಮೆನುವಿನಲ್ಲಿ ಸಿಗಲ್ಲ, ಬೇರೆಯಾಗಿ ಹುಡುಕಿ ಹೋಗಬೇಕು. ಸೈಟನ್ನು ಸರ್ಚ್ ಕನ್ಸೋಲ್‌ಗೆ ಡೊಮೈನ್ ಪ್ರಾಪರ್ಟಿಯಾಗಿ ಸೇರಿಸಿದ್ದರೆ ನಡೆಯಲ್ಲ, ಯುಆರ್‌ಎಲ್ ಪ್ರಿಫಿಕ್ಸ್ ಪ್ರಾಪರ್ಟಿಯೇ ಬೇಕು. ಹೊಸ ಫೈಲು ಹಾಕಿದರೆ ಹಳೆಯದು ಹೋಯಿತು. ಇಷ್ಟೆಲ್ಲ ಮಾಡಿದ ಮೇಲೂ ಲಿಂಕ್ಸ್ ವರದಿಯಲ್ಲಿ ಅವೇ ಹೆಸರು ಕಾಣುತ್ತಿರುತ್ತವೆ, ಯಾಕಂದ್ರೆ ಡಿಸವೌ ಲಿಂಕನ್ನು ಅಳಿಸಲ್ಲ. ಫಲಿತಾಂಶ? ಬಿಟ್ಟ ಸೈಟಿಗೂ ಇದಕ್ಕೂ ವ್ಯತ್ಯಾಸ ಕಾಣಲಿಲ್ಲ.

ದುಡ್ಡು ಕೊಟ್ಟು ಬಳಸುವ ಟೂಲುಗಳ ‘ಟಾಕ್ಸಿಕ್ ಸ್ಕೋರ್’ ಬಗ್ಗೆ ಮಾತ್ರ ಹುಷಾರು. ಅದು ಆ ಟೂಲಿನವರ ಸ್ವಂತ ಲೆಕ್ಕ, ಗೂಗಲ್‌ನದ್ದಲ್ಲ. ಒಂದು ಟೂಲು ಕೆಂಪು ಗುರುತು ಹಾಕಿದ ಪಟ್ಟಿಯನ್ನು ಒಂದೊಂದಾಗಿ ತೆರೆದು ನೋಡಿದೆ. ಹವ್ಯಾಸಿ ಫೋಟೋಗ್ರಾಫರುಗಳ ಒಂದು ಹಳೇ ಪುಟ ಅದರಲ್ಲಿತ್ತು. ನೋಡೋಕೆ ಚೆನ್ನಾಗಿಲ್ಲ, ಎಚ್‌ಟಿಟಿಪಿಎಸ್ ಇಲ್ಲ, ಆದರೆ ಲೆನ್ಸ್ ಸ್ವಚ್ಛ ಮಾಡುವ ಬಗ್ಗೆ ಓದಿ ಅಂತ ಮನಸಾರೆ ಕೊಟ್ಟ ಲಿಂಕು ಅದು. ಪಟ್ಟಿಯನ್ನು ಹಾಗೇ ಅಪ್‌ಲೋಡ್ ಮಾಡುವವರು ಇಂಥವನ್ನೂ ಕೈಯಾರೆ ಕಡಿದುಕೊಳ್ಳುತ್ತಾರೆ.

ಮೂರನೆಯದು, ಲಿಂಕು ತೆಗೀರಿ ಅಂತ ಮೇಲ್ ಹಾಕೋದು. ಟೈಮ್ ವೇಸ್ಟು. ಮೇಲ್ ವಾಪಸ್ ಬರುತ್ತದೆ, ಇಲ್ಲಾಂದ್ರೆ ಉತ್ತರವೇ ಇಲ್ಲ, ಉತ್ತರ ಕೊಟ್ಟವರಲ್ಲಿ ಕೆಲವರು ತೆಗೆಯೋಕೆ ದುಡ್ಡು ಕೇಳುತ್ತಾರೆ.

ಈಗ ಆ ಒಂದು ಸಂದರ್ಭ. ನನ್ನ ಕೈಗೆ ಬಂದ ಇನ್ನೊಂದು ಸೈಟಿಗೆ ಹಿಂದಿನ ಏಜೆನ್ಸಿಯವರು ಲಿಂಕು ಕೊಂಡು ಹಾಕಿಸಿದ್ದರು. ನೋಡಿದರೆ ಗೊತ್ತಾಗುತ್ತಿತ್ತು. ಹತ್ತಾರು ಸೈಟು, ಬೇರೆ ಬೇರೆ ವಿಷಯ, ಆದರೆ ಆಂಕರ್ ಟೆಕ್ಸ್ಟ್ (ಲಿಂಕಿನ ಮೇಲೆ ಕಾಣುವ ಪದಗಳು) ಎಲ್ಲ ಕಡೆ ‘ಬೆಸ್ಟ್ ಕ್ಯಾಮೆರಾ ಬ್ಯಾಗ್’, ಒಂದಕ್ಷರ ಆಚೀಚೆ ಇಲ್ಲ. ಸರ್ಚ್ ಕನ್ಸೋಲ್‌ನ ಮ್ಯಾನ್ಯುಯಲ್ ಆಕ್ಷನ್ಸ್ ಪುಟದಲ್ಲಿ ಅಸಹಜ ಲಿಂಕು ಅಂತ ನೋಟಿಸ್ ಕೂತಿತ್ತು. ಅಂದರೆ ಗೂಗಲ್‌ನಲ್ಲಿ ಒಬ್ಬ ಮನುಷ್ಯ ನೋಡಿ ಹಾಕಿದ ಶಿಕ್ಷೆ. ಇಲ್ಲಿ ಸುಮ್ಮನಿರೋಕೆ ಆಗಲ್ಲ. ತೆಗೆಸಲು ಆದಷ್ಟನ್ನು ಮೇಲ್ ಹಾಕಿ ತೆಗೆಸಿ, ಉಳಿದದ್ದನ್ನು ಡಿಸವೌ ಮಾಡಿ, ಯಾರಿಗೆ ಬರೆದೆವು, ಏನು ಉತ್ತರ ಬಂತು ಅಂತ ಎಲ್ಲ ಬರೆದು ಮರುಪರಿಶೀಲನೆಗೆ ಕಳಿಸಿದೆ. ನೋಟಿಸ್ ಹೋಯಿತು. ರ್‍ಯಾಂಕ್ ಮಾತ್ರ ಹಳೇ ಜಾಗಕ್ಕೆ ಬರಲಿಲ್ಲ, ಬರೋಕೂ ಸಾಧ್ಯ ಇರಲಿಲ್ಲ, ಆ ಎತ್ತರ ನಿಂತಿದ್ದೇ ಕೊಂಡ ಲಿಂಕುಗಳ ಮೇಲೆ ಅಲ್ವಾ. ಸ್ಪ್ಯಾಮ್ ಲಿಂಕಿನಿಂದ ರ್‍ಯಾಂಕ್ ಬಿತ್ತು ಅನ್ನುವವರ ಎಷ್ಟೋ ಕಥೆ ನನಗೆ ಹೀಗೇ ಕಾಣುತ್ತದೆ. ಲಿಂಕು ಕೆಳಗೆ ಎಳೆದದ್ದಲ್ಲ, ಎತ್ತಿ ಹಿಡಿಯೋದನ್ನು ನಿಲ್ಲಿಸಿದ್ದು.

ಬಿಂಗ್‌ನವರಂತೂ 2023ರಲ್ಲಿ ತಮ್ಮ ಡಿಸವೌ ಟೂಲನ್ನೇ ತೆಗೆದುಹಾಕಿದರು.

ನಾನು ನಿಜವಾಗಿ ತಲೆ ಕೆಡಿಸಿಕೊಳ್ಳೋದು ಬೇರೆ ಒಂದಕ್ಕೆ: ಲಿಂಕು ಎಲ್ಲಿಂದ ಬಂತು ಅನ್ನೋದಕ್ಕಿಂತ ಎಲ್ಲಿಗೆ ಬಂತು ಅನ್ನೋದು. ಸ್ಪ್ಯಾಮರುಗಳು ನಿಮ್ಮ ಸೈಟಿನದೇ ಸರ್ಚ್ ಬಾಕ್ಸಿನ ಫಲಿತಾಂಶ ಪುಟಕ್ಕೆ ತಮ್ಮ ಜಾಹೀರಾತಿನ ಸಾಲು ತುರುಕಿ ಲಿಂಕು ಕೊಡುತ್ತಾರೆ, ಆ ಪುಟ ನಿಮ್ಮ ಹೆಸರಲ್ಲೇ ಗೂಗಲ್‌ನಲ್ಲಿ ಬಂದು ಕೂರುತ್ತದೆ. ಅದಕ್ಕೆ ಡಿಸವೌ ಮದ್ದಲ್ಲ. ಸರ್ಚ್ ಪುಟಗಳಿಗೆ ನೋಇಂಡೆಕ್ಸ್ (ಇದನ್ನು ಹುಡುಕಾಟದಲ್ಲಿ ತೋರಿಸಬೇಡಿ ಅನ್ನೋ ಸೂಚನೆ) ಹಾಕಿ. ಅದೇ ಪುಟಗಳನ್ನು ರೋಬಾಟ್ಸ್ ಫೈಲಿನಲ್ಲಿ (ಯಾವ ಪುಟ ತೆರೆಯಬಾರದು ಅಂತ ಗೂಗಲ್‌ಗೆ ಹೇಳುವ ಫೈಲು) ತಡೆದಿದ್ದರೆ ಗೂಗಲ್‌ಗೆ ಆ ನೋಇಂಡೆಕ್ಸ್ ಕಾಣೋದೇ ಇಲ್ಲ, ಆ ತಡೆಯನ್ನು ಮೊದಲು ತೆಗೀರಿ.