ಕಪ್ಪು ಹಕ್ಕಳೆ ಬಿಡಿಸಲು ಲೇಪವೋ, ಪುಡಿಯೋ, ಲೇಸರೋ?

ಫ್ಲಾರೆನ್ಸ್‌ನಲ್ಲಿ ಶಿಲ್ಪಗಳ ಸಂರಕ್ಷಣೆ ಕಲಿಯುವಾಗ ಅಭ್ಯಾಸಕ್ಕೆಂದು ಒಂದು ಒಡೆದ ಅಮೃತಶಿಲೆ ತುಂಡು ಕೊಟ್ಟಿದ್ದರು. ಮೇಲೆ ದ್ರಾಕ್ಷಿ ಎಲೆಯ ಕೆತ್ತನೆ. ಮಳೆ ನೀರು ತಾಗದ ಸಂದುಗಳಲ್ಲೆಲ್ಲ ಕಪ್ಪು ಹಕ್ಕಳೆ. ಅದು ಬರೀ ಧೂಳಲ್ಲ. ಗಾಳಿಯಲ್ಲಿರುವ ಗಂಧಕದ ಹೊಗೆ ಕಲ್ಲಿನ ಸುಣ್ಣದ ಜೊತೆ ಸೇರಿ ಜಿಪ್ಸಮ್ ಆಗುತ್ತದೆ, ಅದರೊಳಗೆ ಮಸಿ ಸಿಕ್ಕಿಕೊಳ್ಳುತ್ತದೆ. ಅಂದರೆ ಹಕ್ಕಳೆಯಲ್ಲಿ ಕಲ್ಲಿನದೂ ಪಾಲಿದೆ. ಜೋರಾಗಿ ಕಿತ್ತರೆ ಕೆತ್ತನೆಯೂ ಜೊತೆಗೇ ಬರುತ್ತದೆ.

ಒಂದೇ ತುಂಡಿನ ಮೇಲೆ ಮೂರು ವಿಧಾನ ಮಾಡಿ ನೋಡಿದೆ.

ಮೊದಲು ಲೇಪ. ಕಾಗದದ ತಿರುಳನ್ನು ಅಮೋನಿಯಂ ಕಾರ್ಬೊನೇಟ್ ನೀರಿನಲ್ಲಿ ಕಲಸಿ ಮೆತ್ತಿ, ಪ್ಲಾಸ್ಟಿಕ್ ಹೊದಿಸಿ ಬಿಟ್ಟೆ. ಖರ್ಚು ಕಡಿಮೆ. ತೆಳು ಹಕ್ಕಳೆ ಚೆನ್ನಾಗಿ ಬಿಟ್ಟುಕೊಂಡಿತು. ದಪ್ಪ ಇದ್ದ ಕಡೆ ಮೂರು ಸಲ ಮೆತ್ತಿದರೂ ಜಗ್ಗಲಿಲ್ಲ.

ಆಮೇಲೆ ಸಣ್ಣ ನಳಿಕೆಯಿಂದ ಅಲ್ಯೂಮಿನಾ ಪುಡಿ ಊದಿದೆ. ಕೆಲಸ ಬೇಗ ಆಯಿತು. ಆದರೆ ಪುಡಿಗೆ ಕಪ್ಪು ಯಾವುದು, ಬಿಳಿ ಯಾವುದು ಅಂತ ಗೊತ್ತಾಗಲ್ಲ ಅಲ್ವಾ? ಭೂತಗನ್ನಡಿ ಹಿಡಿದು ನೋಡಿದರೆ ಎಲೆಯ ಅಂಚು ಮೊಂಡಾಗಿತ್ತು, ಉಳಿಯ ಗೀರುಗಳು ಅಳಿಸಿಹೋಗಿದ್ದವು. ಆ ಗೀರು ಯಾವನೋ ಕಲ್ಲುಕುಟಿಗನ ಕೈಗುರುತು. ನೆನೆದರೆ ಈಗಲೂ ಸಂಕಟವಾಗುತ್ತದೆ.

ಕೊನೆಗೆ ಲೇಸರ್. 1064 ನ್ಯಾನೋಮೀಟರ್ ಅಲೆಯುದ್ದದ, ಕಣ್ಣಿಗೆ ಕಾಣದ ಬೆಳಕು. ಒಂದೊಂದು ಮಿಡಿತವೂ ಕೆಲವೇ ನ್ಯಾನೋಸೆಕೆಂಡ್. ಕಪ್ಪು ಹಕ್ಕಳೆ ಬೆಳಕನ್ನು ಹೀರಿ ಸಿಡಿಯುತ್ತದೆ, ಬಿಳಿ ಕಲ್ಲು ಅದರ ಬಹುಪಾಲನ್ನು ವಾಪಸ್ ಕಳಿಸುತ್ತದೆ. 1972ರಲ್ಲಿ ವೆನಿಸ್‌ಗೆ ಹೋಗಿದ್ದ ಜಾನ್ ಆಸ್ಮಸ್ ಎಂಬ ವಿಜ್ಞಾನಿ ಅಲ್ಲಿನ ಶಿಲ್ಪಗಳ ಮೇಲೆ ಈ ಗುಣವನ್ನೇ ಕಂಡುಕೊಂಡಿದ್ದು. ಕುಂಚದಿಂದ ನೀರು ಸವರಿ ಹೊಡೆದರೆ ಇನ್ನೂ ಚೆನ್ನಾಗಿ ಕೀಳುತ್ತದೆ. ಟಪ್ ಟಪ್ ಅನ್ನುವ ಸದ್ದು, ಮಸಿ ಸುಟ್ಟ ವಾಸನೆ. ಕಪ್ಪು ಕರಗುತ್ತಾ ಬಂದ ಹಾಗೆ ಸದ್ದೂ ಸಣ್ಣದಾಗುತ್ತದೆ. ಕಿವಿಗೊಟ್ಟರೆ ಎಲ್ಲಿ ನಿಲ್ಲಿಸಬೇಕು ಅಂತ ತಿಳಿಯುತ್ತದೆ.

ಲೇಸರಿಗೂ ಕುಂದುಂಟು. ಯಂತ್ರ ದುಬಾರಿ, ಕಣ್ಣಿಗೆ ತಕ್ಕ ಕನ್ನಡಕ ಬೇಕೇ ಬೇಕು. ನನ್ನ ತುಂಡಿನ ಮೇಲೆ ತಿಳಿ ಹಳದಿ ಛಾಯೆ ಉಳಿಯಿತು. ಅಥೆನ್ಸ್‌ನ ಪಾರ್ಥೆನಾನ್ ಶಿಲ್ಪಗಳಿಗೆ ಹೀಗಾಗದಿರಲಿ ಎಂದೇ 1064ರ ಜೊತೆಗೆ 355 ನ್ಯಾನೋಮೀಟರಿನ ಬೆಳಕನ್ನೂ ಒಟ್ಟಿಗೆ ಬಳಸಿದರು. ಬಣ್ಣ ಬಳಿದ ಶಿಲ್ಪವಾದರೆ ಇನ್ನೂ ಜಾಸ್ತಿ ಎಚ್ಚರ ಬೇಕು. ಲೇಸರ್ ತಾಗಿದರೆ ಇಂಗಲೀಕ ಎಂಬ ಖನಿಜದ ಕೆಂಪು ಬಣ್ಣ ಕಪ್ಪಾಗುತ್ತದೆ.

ಸಪಾಟಾದ ಜಾಗ, ತೆಳು ಕೊಳೆ ಇದ್ದರೆ ಈಗಲೂ ಲೇಪವನ್ನೇ ಕೈಗೆತ್ತಿಕೊಳ್ಳುತ್ತೇನೆ. ಮುಟ್ಟಿದರೆ ಸಕ್ಕರೆಯ ಹಾಗೆ ಉದುರುವ ಹಳೆ ಅಮೃತಶಿಲೆಗೆ ಮಾತ್ರ ಲೇಸರೇ ಸರಿ, ಅದು ಕಲ್ಲನ್ನು ಉಜ್ಜುವುದೇ ಇಲ್ಲ. ಅಲ್ಲೂ ಪೂರ್ತಿ ಬೆಳ್ಳಗೆ ಮಾಡಲು ಹೋಗುವುದಿಲ್ಲ. ಕಾಲ ಕೊಟ್ಟ ತೆಳು ಕಂದು ಪದರ ಕಂಡ ಕೂಡಲೇ ಕೈ ಹಿಂದೆಗೆಯುತ್ತೇನೆ.

ಆ ತುಂಡು ಇನ್ನೂ ನನ್ನ ಮೇಜಿನ ಮೇಲಿದೆ. ಲೇಸರ್ ಹೊಡೆದ ಎಲೆಯ ಮೇಲೆ ಬೆರಳಾಡಿಸಿದರೆ ಉಳಿಯ ಗೀರು ಕೈಗೆ ತಾಗುತ್ತದೆ.