ಹಾಲು ಬೆರೆಯದ ಉಪ್ಪು-ಹುಳಿಯ ಸ್ಪ್ರೆಡ್: ಗೋಡಂಬಿ, ಶೇಂಗಾ, ತೋಫು, ಸೂರ್ಯಕಾಂತಿ ಬೀಜಗಳ ಹೋಲಿಕೆ

ಹಾಲು ಆಗದವರೆಂದು ನಾವು ಒಟ್ಟಾಗಿ ಕರೆಯುವವರಲ್ಲಿ ಎರಡು ಬಗೆಯವರಿದ್ದಾರೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಜೀರ್ಣವಾಗದವರು ಲ್ಯಾಕ್ಟೋಸ್ ತೆಗೆದ ಹಾಲನ್ನೋ ಚೆನ್ನಾಗಿ ಹಳತಾದ ಗಟ್ಟಿ ಚೀಸನ್ನೋ ಅಷ್ಟಿಷ್ಟು ತಾಳಿಕೊಳ್ಳುತ್ತಾರೆ. ಹಾಲಿನ ಪ್ರೋಟೀನಿಗೆ ಅಲರ್ಜಿ ಇರುವವರಿಗೆ ಆ ದಾರಿಯೂ ಇಲ್ಲ. ಅವರಿಗೆ ಬೆಣ್ಣೆ, ಚೀಸ್, ಪನೀರ್ ಎಲ್ಲವೂ ವರ್ಜ್ಯ. ನನ್ನ ಮಗ ಈ ಎರಡನೆಯ ಗುಂಪಿಗೆ ಸೇರಿದವನು. ಅಂಗಡಿಯಲ್ಲಿ ಸಿಗುವ ಮಾರ್ಗರೀನುಗಳಲ್ಲಿಯೂ ಕೆಲವಕ್ಕೆ ಹಾಲಿನ ಘನಾಂಶ ಬೆರೆತಿರುತ್ತದೆ. ಪೊಟ್ಟಣದ ಮೇಲಿನ ಹಸಿರು ಚುಕ್ಕೆಯನ್ನು ನಂಬುವಂತಿಲ್ಲ, ಏಕೆಂದರೆ ನಮ್ಮ ದೇಶದಲ್ಲಿ ಹಾಲೂ ಸಸ್ಯಾಹಾರದ ಲೆಕ್ಕದಲ್ಲಿಯೇ ಬರುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರವು 2022ರಲ್ಲಿ ವೀಗನ್ ಆಹಾರಗಳಿಗೆ, ಎಂದರೆ ಹಾಲೂ ಸೇರಿ ಪ್ರಾಣಿಮೂಲದ್ದೇನೂ ಇಲ್ಲದ ಆಹಾರಗಳಿಗೆ, ಪ್ರತ್ಯೇಕ ನಿಯಮಗಳನ್ನು ತಂದಿದೆ. ವೀಗನ್ ಗುರುತು ಇರುವ ಪದಾರ್ಥಗಳು ದುಬಾರಿ, ಮತ್ತು ಗೋವೆಯ ವಾಸ್ಕೋದಲ್ಲಿ ನಮಗೆ ಹತ್ತಿರದ ಅಂಗಡಿಗಳಲ್ಲಿ ಅವು ಸದಾ ಸಿಗುವುದಿಲ್ಲ. ಆದ್ದರಿಂದ ಬ್ರೆಡ್ಡು, ರೊಟ್ಟಿಗಳ ಮೇಲೆ ಬೆಣ್ಣೆಯ ಬದಲು ಸವರುವ ಸ್ಪ್ರೆಡ್ಡನ್ನು ಮನೆಯಲ್ಲಿಯೇ ಮಾಡುವುದು ಅನಿವಾರ್ಯವಾಯಿತು.

ಗೋವೆಯಲ್ಲಿ ಇದಕ್ಕೆ ಒಂದು ಅನುಕೂಲವಿದೆ. ಪೊದೆರ್, ಎಂದರೆ ಬ್ರೆಡ್ ಮಾರುವವನು, ಸೈಕಲ್ಲಿನ ಮೇಲೆ ಬೆಳಿಗ್ಗೆಯೂ ಸಂಜೆಯೂ ಹಾರ್ನ್ ಒತ್ತುತ್ತ ತರುವ ಪೊಯಿ ಎಂಬ ಗೋವೆಯ ಬ್ರೆಡ್ಡಿಗೆ ಸಾಮಾನ್ಯವಾಗಿ ಹಾಲು ಬೀಳುವುದಿಲ್ಲ. ಗೋಧಿ ಹಿಟ್ಟು, ತೌಡು, ಉಪ್ಪು, ನೀರು ಮತ್ತು ಹುದುಗು, ಇಷ್ಟೇ ಅದರ ಸಾಮಗ್ರಿ. ಹಾಗಿದ್ದರೂ ನಾನು ನಮ್ಮ ಪೊದೆರನನ್ನು ಕೇಳಿ ಖಚಿತಪಡಿಸಿಕೊಂಡಿದ್ದೇನೆ, ಬೇರೆಯವರೂ ಕೇಳಬೇಕು. ಮಿದುವಾದ ಹಾಲಿನ ಬ್ರೆಡ್ಡಿನ ಬಗ್ಗೆ ಮಾತ್ರ ಎಚ್ಚರ ಬೇಕು. ನಮ್ಮ ಮನೆಯವರು ಧಾರವಾಡದ ಕಡೆಯವರಾದ್ದರಿಂದ ಜೋಳದ ರೊಟ್ಟಿಯೂ ಅಷ್ಟೇ ನಿತ್ಯದ ಆಹಾರ, ಅದರ ಮೇಲೆ ಬೆಣ್ಣೆ ಇರಲೇಬೇಕೆಂಬುದು ಅತ್ತೆಯವರ ರೂಢಿ. ಹೀಗಾಗಿ ಪ್ರತಿಯೊಂದು ಸ್ಪ್ರೆಡ್ಡನ್ನೂ ಪೊಯಿ ಮತ್ತು ರೊಟ್ಟಿ ಎರಡರ ಮೇಲೂ ಸವರಿ ನೋಡಿದ್ದೇನೆ. ಹೋಲಿಕೆ ನ್ಯಾಯವಾಗಿರಲೆಂದು ಒಣ ಪದಾರ್ಥ 200 ಗ್ರಾಂ, ಉಪ್ಪು ಸುಮಾರು 6 ಗ್ರಾಂ ಎಂಬ ಅಳತೆಯನ್ನು ಎಲ್ಲದಕ್ಕೂ ಇಟ್ಟುಕೊಂಡು, ಒಂದೊಂದನ್ನೂ ಒಮ್ಮೆ ನಿಂಬೆಹುಳಿಯಿಂದಲೂ ಇನ್ನೊಮ್ಮೆ ಹುದುಗಿಸಿಯೂ ಮಾಡಿದೆ.

ಮೊದಲು ಗೋಡಂಬಿ. ಪೋರ್ಚುಗೀಸರು ಹದಿನಾರನೆಯ ಶತಮಾನದಲ್ಲಿ ಬ್ರೆಜಿಲ್‌ನಿಂದ ತಂದ ಈ ಮರ ಇಂದು ಗೋವೆಯ ಗುಡ್ಡಗಳ ತುಂಬ ಇದೆ, ಮಾರುಕಟ್ಟೆಯಲ್ಲಿ ಸಿಪ್ಪೆಸಹಿತ ಹುರಿದ ಗೋಡಂಬಿಯಿಂದ ಹಿಡಿದು ಬಿಳಿಯ ಹೋಳುಗಳವರೆಗೆ ಎಲ್ಲ ದರ್ಜೆಗಳೂ ಸಿಗುತ್ತವೆ. ಸ್ಪ್ರೆಡ್ಡಿಗೆ ಹುರಿದದ್ದು ಬೇಡ. ಅದು ನೀರನ್ನು ಸರಿಯಾಗಿ ಹೀರುವುದಿಲ್ಲ, ಬಣ್ಣವೂ ಕಂದುತ್ತದೆ, ರುಚಿ ತಿಂಡಿಯ ಕಡೆಗೆ ವಾಲುತ್ತದೆ. ದುಬಾರಿಯಾದ ಇಡೀ ಗೋಡಂಬಿಯೂ ಬೇಡ. ಡಬ್ಲ್ಯು 320 ಎಂದರೆ ಒಂದು ಪೌಂಡಿಗೆ 300ರಿಂದ 320 ಕಾಳು ತೂಗುವ ಇಡೀ ಗೋಡಂಬಿ ಎಂದಷ್ಟೇ ಅರ್ಥ. ಆ ಸಂಖ್ಯೆ ಗಾತ್ರವನ್ನು ಹೇಳುತ್ತದೆಯೇ ಹೊರತು ರುಚಿಯನ್ನಲ್ಲ. ಅರೆಯುವ ಕೆಲಸಕ್ಕೆ ತುಂಡು ಗೋಡಂಬಿ ಸಂಪೂರ್ಣ ಸಾಕು, ಬೆಲೆಯಲ್ಲಿ ಅದೇ ಹಗುರ.

ನಾಲ್ಕೈದು ಗಂಟೆ ನೆನೆಸಿ, ನೀರು ಬಸಿದು, 80ರಿಂದ 100 ಮಿಲಿಲೀಟರಿನಷ್ಟು ಹೊಸ ನೀರನ್ನು ಚಮಚ ಚಮಚವಾಗಿ ಹಾಕುತ್ತ ಮಿಕ್ಸರಿನ ಸಣ್ಣ ಜಾರಿನಲ್ಲಿ ಅರೆದರೆ, ನಡುನಡುವೆ ನಿಲ್ಲಿಸಿ ಅಂಚಿಗೆ ಅಂಟಿದ್ದನ್ನು ಕೆಳಗಿಳಿಸುತ್ತ ಹೋದರೆ, ಬೆರಳುಗಳ ನಡುವೆ ಉಜ್ಜಿದಾಗ ಒಂದು ಕಣವೂ ಸಿಗದ ನಯ ಬರುತ್ತದೆ. ಈ ನಯವನ್ನು ಉಳಿದ ಮೂರರಲ್ಲಿ ಯಾವುದೂ ಕೊಡಲಿಲ್ಲ. ಗೋಡಂಬಿಯ ಇನ್ನೊಂದು ಗುಣ ಅದರಲ್ಲಿರುವ ಪಿಷ್ಟ. ಶೇಂಗಾಕ್ಕಿಂತ ಇದರಲ್ಲಿ ಪಿಷ್ಟ ಹೆಚ್ಚಾಗಿರುವುದರಿಂದ, ಅರೆದದ್ದನ್ನು ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಐದಾರು ನಿಮಿಷ ಕೈಬಿಡದೆ ಕಲಕಿದರೆ ಮೊದಲು ಅಲ್ಲಲ್ಲಿ ಗಂಟು ಕಟ್ಟಿದಂತೆ ಕಾಣುತ್ತದೆ, ಆಮೇಲೆ ಒಮ್ಮೆಲೇ ಹೊಳಪು ಬಂದು ಇಡಿಯಾಗಿ ಪಾತ್ರೆಯ ತಳ ಬಿಡುತ್ತದೆ. ಚೈನಾ ಗ್ರಾಸ್ ಆಗಲಿ, ಮರಗೆಣಸಿನ ಹಿಟ್ಟಾಗಲಿ ಬೇಕಾಗುವುದೇ ಇಲ್ಲ. ಆರಿದ ಮೇಲೆ ಅದು ಚಾಕುವಿನ ಗುರುತನ್ನು ಹಿಡಿದಿಟ್ಟುಕೊಳ್ಳುವಷ್ಟು ಗಟ್ಟಿಯಾಗುತ್ತದೆ. ಅದರ ಕೊರತೆಯೆಂದರೆ ಸಿಹಿ. ಗೋಡಂಬಿಗೆ ತನ್ನದೇ ಆದ ಸಿಹಿ ಇದೆ, ಉಪ್ಪು ಮತ್ತು ಹುಳಿ ಸಾಕಷ್ಟು ಬೀಳದಿದ್ದರೆ ರೊಟ್ಟಿಯ ಮೇಲೆ ಅದು ಮಿಠಾಯಿಯ ನೆನಪು ತರುತ್ತದೆ.

ಶೇಂಗಾ ನಮ್ಮ ಕಡೆಯ ಮನೆಗಳಲ್ಲಿ ಹಿಂಡಿಯಾಗಿ (ಚಟ್ನಿಪುಡಿ), ಹೋಳಿಗೆಯಾಗಿ, ಸಾರಿನ ಮಂದವಾಗಿ ಎಲ್ಲ ಕಡೆ ಇದೆ. ಬೆಲೆಯಲ್ಲಿ ಗೋಡಂಬಿಗೂ ಇದಕ್ಕೂ ಹೋಲಿಕೆಯೇ ಸಲ್ಲದು. ಪ್ರೋಟೀನು ನೂರು ಗ್ರಾಮಿಗೆ ಸುಮಾರು 25 ಗ್ರಾಂ, ಗೋಡಂಬಿಯಲ್ಲಿ ಸುಮಾರು 18. ಇಷ್ಟೆಲ್ಲ ಇದ್ದೂ ಇದರೊಡನೆ ನಾನು ಅತಿ ಹೆಚ್ಚು ಹೆಣಗಬೇಕಾಯಿತು. ಹುರಿದು ಅರೆದರೆ ಅದು ಪೀನಟ್ ಬಟರ್, ನಮಗೆ ಬೇಕಾದ ಬಿಳಿಯ, ಹುಳಿಯಾದ ಸ್ಪ್ರೆಡ್ ಅಲ್ಲ. ಹಸಿಯಾಗಿಯೇ ನೆನೆಸಿ ಅರೆದರೆ ಹಸಿ ಕಾಳಿನ ವಾಸನೆ ಎದ್ದು ನಿಲ್ಲುತ್ತದೆ. ರಾತ್ರಿಯಿಡೀ ನೆನೆಸಿ, ಸಿಪ್ಪೆ ಉಜ್ಜಿ ತೆಗೆದು, ಹೊಸ ನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಆ ನೀರನ್ನೂ ಚೆಲ್ಲಿ ಅರೆದಾಗ ವಾಸನೆ ಬಹುಪಾಲು ಹೋಗುತ್ತದೆ, ಪೂರ್ತಿ ಅಲ್ಲ. ಎಷ್ಟು ಅರೆದರೂ ನಾಲಿಗೆಗೆ ನುಣ್ಣನೆಯ ರವೆಯಂತೆ ಸಿಗುತ್ತದೆ. ಪಿಷ್ಟ ಕಡಿಮೆಯಿರುವುದರಿಂದ ಬೇಯಿಸಿದರೂ ಗೋಡಂಬಿಯಂತೆ ಬಿಗಿಯುವುದಿಲ್ಲ, ಒಂದು ಚಮಚ ಅಕ್ಕಿ ಹಿಟ್ಟು ಬೆರೆಸಬೇಕಾಗುತ್ತದೆ.

ಶೇಂಗಾದ ವಿಷಯದಲ್ಲಿ ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಕರಾವಳಿಯ ಮಳೆಗಾಲದ ಹಸಿಗಾಳಿಯಲ್ಲಿ ಶೇಂಗಾಕ್ಕೆ ಬೂಷ್ಟು ಬೇಗ ಹಿಡಿಯುತ್ತದೆ, ಕೆಲವು ಬೂಷ್ಟುಗಳಿಂದ ಅಫ್ಲಾಟಾಕ್ಸಿನ್ ಎಂಬ ವಿಷ ಉಂಟಾಗುತ್ತದೆ. ಅದು ನೆನೆಸುವುದರಿಂದಾಗಲಿ ಮನೆಯಲ್ಲಿ ಕುದಿಸುವುದರಿಂದಾಗಲಿ ನಾಶವಾಗುವುದಿಲ್ಲ. ಸುಕ್ಕುಗಟ್ಟಿದ, ಬಣ್ಣಗೆಟ್ಟ, ಕಹಿಯಾದ ಕಾಳುಗಳನ್ನು ಮೊದಲೇ ಆರಿಸಿ ಎಸೆಯಬೇಕು; ಉಳಿದದ್ದನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಡುವುದು ಲೇಸು. ಹಸಿಮೆಣಸು, ಕೊತ್ತಂಬರಿ, ಹುರಿದ ಜೀರಿಗೆ ಹಾಕಿ ಖಾರವಾಗಿ ಮಾಡಿದಾಗ ಮಾತ್ರ ಶೇಂಗಾ ಗೆದ್ದಿತು. ಆಗ ಅದರ ವಾಸನೆ ದೋಷವಾಗದೆ ರುಚಿಯ ಭಾಗವಾಗುತ್ತದೆ. ಜೋಳದ ರೊಟ್ಟಿಯ ಮೇಲೆ ಅದನ್ನು ಸವರಿಕೊಂಡ ಅತ್ತೆಯವರು, "ಇದು ಬೆಣ್ಣಿ ಅಲ್ಲ ಖರೆ, ಆದ್ರ ರೊಟ್ಟಿಗೆ ಒಪ್ಪತದ," ಎಂದರು. ಅವರ ಬಾಯಿಂದ ಅಷ್ಟು ಬರುವುದು ಸಣ್ಣ ಮಾತಲ್ಲ.

ತೋಫುವಿನಲ್ಲಿ ಅರೆಯುವ ಶ್ರಮವಿಲ್ಲ. ಸೋಯಾ ಪನೀರ್ ಎಂಬ ಹೆಸರಿನಲ್ಲಿ ಪೊಟ್ಟಣಗಳಲ್ಲಿ ಸಿಗುವುದನ್ನು ತಂದು, ಉಪ್ಪುನೀರಿನಲ್ಲಿ ಮೂರು ನಿಮಿಷ ಕುದಿಸಿ, ಬಟ್ಟೆಯಲ್ಲಿ ಸುತ್ತಿ ಭಾರವಿಟ್ಟು ಇಪ್ಪತ್ತು ನಿಮಿಷ ನೀರು ಇಳಿಸಿದರೆ ಆಯಿತು. ತೋಫುವಿಗೆ ಮಾತ್ರ ಒಣ ತೂಕದ ಲೆಕ್ಕ ಹೊಂದದ ಕಾರಣ ನೀರಿಳಿದ ಮೇಲೆ 200 ಗ್ರಾಂ ತೂಗಿಕೊಂಡು, ಉಪ್ಪನ್ನು ಅರ್ಧಕ್ಕೆ ಇಳಿಸಿದ್ದೇನೆ. ಇದರ ಕೊರತೆ ಜಿಡ್ಡು. ಬಾಯಿಗಿಟ್ಟ ಕೂಡಲೆ ಚೆನ್ನಾಗಿರುತ್ತದೆ, ಮರುಕ್ಷಣ ರುಚಿ ಮಾಯವಾಗುತ್ತದೆ, ಏಕೆಂದರೆ ರುಚಿಯನ್ನು ನಾಲಿಗೆಯ ಮೇಲೆ ನಿಲ್ಲಿಸುವ ಕೊಬ್ಬು ಅದರಲ್ಲಿ ಸಾಕಷ್ಟಿಲ್ಲ. ಎರಡು ಚಮಚ ಎಣ್ಣೆ ಬೆರೆಸಬೇಕು, ಯಾವ ಎಣ್ಣೆ ಎಂಬುದೂ ಮುಖ್ಯ. ಕೊಬ್ಬರಿ ಎಣ್ಣೆ ಸುಮಾರು 24-25 ಡಿಗ್ರಿಗೆ ಕರಗುತ್ತದೆ. ಫ್ರಿಜ್ಜಿನಲ್ಲಿ ಅದು ಸ್ಪ್ರೆಡ್ಡಿಗೆ ಬೆಣ್ಣೆಯಂಥ ಬಿಗಿಯನ್ನು ಕೊಡುತ್ತದೆ, ಗೋವೆಯ ಸೆಖೆಯಲ್ಲಿ ಮೇಜಿನ ಮೇಲೆ ಸ್ವಲ್ಪ ಹೊತ್ತಿಟ್ಟರೆ ಸಡಿಲವಾಗುತ್ತದೆ. ಶೇಂಗಾ ಎಣ್ಣೆ ಎಲ್ಲ ಹೊತ್ತಿನಲ್ಲಿಯೂ ಒಂದೇ ಹದದಲ್ಲಿರುತ್ತದೆ. ಕೊಬ್ಬರಿ ಎಣ್ಣೆಯ ಪರಿಮಳ ನಮ್ಮ ಪಕ್ಕದ ಮನೆಯ ಕಾರವಾರದವರಿಗೆ ಪ್ರಿಯ, ನಮ್ಮವರಿಗೆ ಅಷ್ಟಕ್ಕಷ್ಟೆ. ಎಣ್ಣೆಗಿಂತಲೂ ಒಳ್ಳೆಯ ಉಪಾಯವೆಂದರೆ 200 ಗ್ರಾಂ ತೋಫುವಿಗೆ 30 ಗ್ರಾಂ ನೆನೆಸಿದ ಗೋಡಂಬಿ ಬೆರೆಸುವುದು. ನಯ, ಜಿಡ್ಡು ಎರಡೂ ಬರುತ್ತವೆ, ಖರ್ಚು ಹಿಡಿತದಲ್ಲಿರುತ್ತದೆ. ದಿನನಿತ್ಯಕ್ಕೆ ನಮ್ಮ ಮನೆಯಲ್ಲಿ ಉಳಿದುಕೊಂಡದ್ದು ಇದೇ. ಹಾಲಿಗೆ ಅಲರ್ಜಿಯಿರುವ ಕೆಲವು ಮಕ್ಕಳಿಗೆ ಸೋಯಾ ಸಹ ಆಗುವುದಿಲ್ಲವಾದ್ದರಿಂದ ವೈದ್ಯರನ್ನು ಕೇಳದೆ ತೋಫುವಿಗೆ ಕೈಹಾಕಬಾರದು. ಗೋಡಂಬಿ, ಶೇಂಗಾಗಳಿಗೂ ಈ ಮಾತು ಅನ್ವಯಿಸುತ್ತದೆ.

ಸೂರ್ಯಕಾಂತಿ ಬೀಜದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೂದು ಬಣ್ಣ, ಕೊನೆಯಲ್ಲಿ ತುಸು ಕಹಿ. ಹಗುರವಾಗಲೆಂದು ಅಡುಗೆ ಸೋಡ ಹಾಕಿದರೆ ಬೀಜದಲ್ಲಿರುವ ಕ್ಲೋರೋಜೆನಿಕ್ ಆಮ್ಲವು ಸೋಡದ ಕ್ಷಾರದೊಡನೆ ಸೇರಿ ಹಸಿರಾಗುತ್ತದೆ; ಕೆಟ್ಟಿತೆಂದು ಎಸೆಯಬೇಕಿಲ್ಲ, ಆದರೆ ಮಕ್ಕಳು ಮುಟ್ಟುವುದಿಲ್ಲ. ಗೋಡಂಬಿಯನ್ನೂ ಶೇಂಗಾವನ್ನೂ ಡಬ್ಬಿಯಲ್ಲಿ ತರಬಾರದೆಂಬ ನಿಯಮವಿರುವ ಶಾಲೆಗಳ ಮಕ್ಕಳಿಗೆ ಇದೊಂದು ದಾರಿ, ಅಷ್ಟೆ.

ಈ ನಾಲ್ಕನ್ನೂ ಮಾಡಿ ನೋಡಿದ ಮೇಲೆ ನನಗೆ ಮನವರಿಕೆಯಾದದ್ದೆಂದರೆ, ಯಾವ ಕಾಳು ಎನ್ನುವುದಕ್ಕಿಂತ ಹುಳಿ ಎಲ್ಲಿಂದ ಬಂತು ಎನ್ನುವುದೇ ಸ್ಪ್ರೆಡ್ಡಿನ ರುಚಿಯನ್ನು ಹೆಚ್ಚಾಗಿ ನಿರ್ಧರಿಸುತ್ತದೆ. ನಿಂಬೆಯ ಹುಳಿ ಮೊದಲು ಚುರುಕಾಗಿ ತಾಗುತ್ತದೆ, ಮರುದಿನಕ್ಕೆ ತಾಜಾತನ ಕಳೆದು ಒಗರಾಗುತ್ತದೆ. ಗೋವೆಯ ತೆಂಗಿನ ಕಳ್ಳಿನ ವಿನೆಗರ್ ಇದಕ್ಕಿಂತ ಮೃದು. ತೋಫುವಿನೊಡನೆ ಒಂದೂವರೆ ಚಮಚ ಹಾಕಿದರೆ ಚೆನ್ನಾಗಿ ಹೊಂದುತ್ತದೆ, ಗೋಡಂಬಿಯೊಡನೆ ಉಪ್ಪಿನಕಾಯಿಯ ಛಾಯೆ ಬರುತ್ತದೆ. ಕೋಕಂ ರುಚಿಗೆ ಸರಿ, ಬಣ್ಣ ಗುಲಾಬಿಯಾಗುತ್ತದೆ. ಹುದುಗಿಸಿದ ಹುಳಿ ಮಾತ್ರ ಉಪ್ಪಿನೊಳಗೆ ಬೆರೆತು, ಜಿಡ್ಡಿನ ಜೊತೆಗೂಡಿ, ನಾಲಿಗೆಯ ಮೇಲೆ ನಿಲ್ಲುತ್ತದೆ. ನಿಂಬೆ ಹಿಂಡಿದ ಗೋಡಂಬಿಗಿಂತ ಹುದುಗಿಸಿದ ಶೇಂಗಾವೇ ಚೀಸಿನ ರುಚಿಗೆ ಹತ್ತಿರ ಬಂದಿತೆಂದರೆ ಅದರ ಬಲ ಎಷ್ಟೆಂದು ತಿಳಿಯಬಹುದು.

ಮೊಸರನ್ನು ಹೆಪ್ಪಾಗಿ ಬಳಸುವಂತಿಲ್ಲವಾದ್ದರಿಂದ ನನಗೆ ಎರಡು ದಾರಿಗಳಿದ್ದವು. ಒಂದು, ಹಸಿಮೆಣಸಿನಕಾಯಿಯ ತೊಟ್ಟು. ತೊಳೆದ ಎಂಟು ಹತ್ತು ತೊಟ್ಟುಗಳನ್ನು ಅರೆದ ಗೋಡಂಬಿಯಲ್ಲಿ ಒತ್ತಿ, ಬಟ್ಟೆ ಮುಚ್ಚಿಟ್ಟರೆ ಏಪ್ರಿಲ್-ಮೇ ತಿಂಗಳಲ್ಲಿ ಎಂಟು ಹತ್ತು ಗಂಟೆಗಳಲ್ಲಿ ಹುಳಿ ಬರುತ್ತದೆ, ಡಿಸೆಂಬರ್-ಜನವರಿಯಲ್ಲಿ ಅದರ ದುಪ್ಪಟ್ಟು ಹೊತ್ತು ಬೇಕಾಗಬಹುದು. ಹುಳಿ ಒಮ್ಮೆ ಚೆನ್ನಾಗಿ, ಒಮ್ಮೆ ಪೇಲವವಾಗಿ ಬರುತ್ತದೆ. ತೊಟ್ಟಿನ ಮೇಲೆ ಯಾವ ಬ್ಯಾಕ್ಟೀರಿಯಾ ಇದ್ದವೋ ಅದರ ಮೇಲೆ ಎಲ್ಲವೂ ನಿಂತಿದೆ. ಎರಡನೆಯದು ಚೆನ್ನಾಗಿ ಉಬ್ಬಿದ ಇಡ್ಲಿ ಹಿಟ್ಟಿನ ಒಂದು ಚಮಚ. ಇಡ್ಲಿ ಹಿಟ್ಟನ್ನು ಉಬ್ಬಿಸಿ ಹುಳಿಯಾಗಿಸುವ ಲ್ಯೂಕೋನೋಸ್ಟಾಕ್ ಮುಂತಾದ ಬ್ಯಾಕ್ಟೀರಿಯಾಗಳೇ ಇಲ್ಲಿಯೂ ಕೆಲಸ ಮಾಡುತ್ತವೆ, ಅದು ಬಹುತೇಕ ಪ್ರತಿ ಸಲವೂ ಒಂದೇ ಬಗೆಯ ಹುಳಿ ಕೊಡುತ್ತದೆ. ಉದ್ದಿನ ಸಣ್ಣ ಪರಿಮಳ ಉಳಿಯುವುದಾದರೂ ರೊಟ್ಟಿಗೆ ಅದು ಸಹಜವಾಗಿ ಹೊಂದುತ್ತದೆ. ನನ್ನ ಆಯ್ಕೆ ಇದೇ. ಇದನ್ನು ಬಳಸುವಾಗ ಗೋಡಂಬಿಯನ್ನು ಮೊದಲು ಹುದುಗಿಸಿ, ಆಮೇಲೆ ಬೇಯಿಸಬೇಕು. ಬೇಯಿಸಿದೊಡನೆ ಹುಳಿಯೇರುವುದು ನಿಲ್ಲುತ್ತದೆ, ಹಿಟ್ಟಿನ ಹಸಿತನ ಹೋಗುತ್ತದೆ, ಪಿಷ್ಟವೂ ಬಿಗಿಯುತ್ತದೆ. ಮೊದಲೇ ಬೇಯಿಸಿ ಬಿಸಿಯಿರುವಾಗ ಹೆಪ್ಪು ಹಾಕಿದರೆ ಬ್ಯಾಕ್ಟೀರಿಯಾ ಸಾಯುತ್ತವೆ.

ಔಷಧದ ಅಂಗಡಿಯ ಪ್ರೋಬಯಾಟಿಕ್ ಗುಳಿಗೆಗಳನ್ನು, ಎಂದರೆ ಜೀವಂತ ಬ್ಯಾಕ್ಟೀರಿಯಾ ತುಂಬಿದ ಗುಳಿಗೆಗಳನ್ನು, ಹೆಪ್ಪಾಗಿ ಬಳಸುವವರೂ ಇದ್ದಾರೆ. ಅವುಗಳಲ್ಲಿ ಕೆಲವಕ್ಕೆ ಹಾಲಿನ ಅಂಶವಿರುವುದರಿಂದ ಅಲರ್ಜಿಯವರ ಮನೆಯಲ್ಲಿ ಚೀಟಿಯನ್ನು ಪೂರ್ತಿ ಓದದೆ ಬಳಸಬಾರದು.

ಬೆಳ್ಳುಳ್ಳಿಯನ್ನು ಹುದುಗುವ ಹೊತ್ತಿನಲ್ಲಿ ಹಾಕಬಾರದು. ಬೆಳ್ಳುಳ್ಳಿ, ಎಣ್ಣೆ ಮತ್ತು ಕೋಣೆಯ ಶಾಖ ಮೂರೂ ಸೇರಿ, ಹುಳಿ ಸಾಕಷ್ಟಿಲ್ಲದಿದ್ದರೆ, ಬಾಟುಲಿಸಂ ಎಂಬ ಪ್ರಾಣಾಪಾಯದ ಆಹಾರವಿಷಬಾಧೆ ಉಂಟುಮಾಡುವ ಬ್ಯಾಕ್ಟೀರಿಯಾಕ್ಕೆ ಅವಕಾಶವಾಗುತ್ತದೆ. ಹುಳಿಯ ಅಳತೆಯಾದ ಪಿಎಚ್ (ಕಡಿಮೆಯಾದಷ್ಟೂ ಹುಳಿ ಹೆಚ್ಚು) 4.6ಕ್ಕಿಂತ ಕೆಳಗಿದ್ದರೆ ಆ ಬ್ಯಾಕ್ಟೀರಿಯಾ ಬೆಳೆಯಲಾರದು. ಅಳೆಯುವ ಕಾಗದ ಅಗ್ಗವಾಗಿ ಸಿಗುತ್ತದೆ, ನಾನು ಅದನ್ನು ಡ್ರಾಯರಿನಲ್ಲಿಯೇ ಇಟ್ಟುಕೊಂಡಿದ್ದೇನೆ. ಬೇಯಿಸಿ ಇಳಿಸುವ ಹೊತ್ತಿಗೆ, ಸುಟ್ಟ ಅಥವಾ ಹುರಿದ ಬೆಳ್ಳುಳ್ಳಿಯನ್ನು ಜಜ್ಜಿ ಬೆರೆಸಿ, ಆರಿದ ಕೂಡಲೆ ಫ್ರಿಜ್ಜಿಗೆ ಸೇರಿಸುವುದು ಕ್ರಮ. ಗುಲಾಬಿ, ಕಪ್ಪು ಅಥವಾ ನೂಲಿನಂಥ ಯಾವ ಗುರುತು ಕಂಡರೂ ಮೇಲಿನದನ್ನು ಕೆರೆದು ಉಳಿದದ್ದನ್ನು ತಿನ್ನುವ ಯೋಚನೆ ಬೇಡ, ಇಡೀ ಪಾತ್ರೆಯನ್ನೇ ಚೆಲ್ಲಬೇಕು.

ಫ್ರಿಜ್ಜಿನಲ್ಲಿ ತೋಫುವಿನದನ್ನು ನಾವು ಮೂರು ನಾಲ್ಕು ದಿನಗಳಲ್ಲಿ ಮುಗಿಸುತ್ತೇವೆ, ಹುದುಗಿಸಿ ಬೇಯಿಸಿದ ಗೋಡಂಬಿಯದನ್ನು ಒಂದು ವಾರದೊಳಗೆ. ಗೋಡಂಬಿಯದನ್ನು ಸಣ್ಣ ಡಬ್ಬಿಗಳಲ್ಲಿ ತುಂಬಿ ಫ್ರೀಜರಿನಲ್ಲಿಟ್ಟರೆ ಇನ್ನೂ ಹೆಚ್ಚು ಕಾಲ ಉಳಿಯುತ್ತದೆ. ಹೊರತೆಗೆದಾಗ ನೀರು ಬೇರೆಯಾಗಿ ಹರಳು ಹರಳಾಗಿ ಕಂಡರೂ ಒಂದು ಚಮಚ ಬಿಸಿನೀರು ಹಾಕಿ ಮತ್ತೆ ಅರೆದರೆ ಮೊದಲಿನ ನಯ ಬರುತ್ತದೆ. ಫ್ರೀಜರಿನಲ್ಲಿಟ್ಟ ತೋಫು ಹೀಗೆ ಸರಿಹೋಗುವುದಿಲ್ಲ. ಅದು ಸ್ಪಂಜಿನಂತಾಗಿಬಿಡುತ್ತದೆ, ಪಲ್ಯಕ್ಕೆ ಮಾತ್ರ ಸಲ್ಲುತ್ತದೆ.