ಮೂರು ಮಾಸ್ಕ್, ಮೂರು ಪ್ರೆಷರ್: ನನಗೆ ಹೊಂದಿದ್ದು ಯಾವುದು

ಸ್ಲೀಪ್ ಸ್ಟಡಿಯಲ್ಲಿ ನನ್ನ ಎಎಚ್‌ಐ 38 ಬಂದಿತ್ತು. ಅಂದರೆ ನಿದ್ದೆಯಲ್ಲಿ ಗಂಟೆಗೆ 38 ಸಲ ಉಸಿರು ನಿಲ್ಲುವುದು ಇಲ್ಲವೇ ತೀರಾ ಕಮ್ಮಿಯಾಗುವುದು. 5ರ ಒಳಗಿದ್ದರೆ ಸರಿ, 30 ದಾಟಿದರೆ ಜೋರಾಗಿದೆ ಅಂತ ಲೆಕ್ಕ. ಉಸಿರಿನ ದಾರಿ ಮುಚ್ಚಿಕೊಳ್ಳದ ಹಾಗೆ ಮಾಸ್ಕ್ ಮೂಲಕ ಪ್ರೆಷರ್‌ನಲ್ಲಿ ಗಾಳಿ ಊದುವ ಸೀಪ್ಯಾಪ್ ಮೆಷಿನ್ ತಂದೆವು. ಆರು ತಿಂಗಳಲ್ಲಿ ಮೂರು ಥರದ ಮಾಸ್ಕ್ ಹಾಕಿ ನೋಡಿದೆ.

ಮೊದಲನೆಯದು ಮೂಗು, ಬಾಯಿ ಎರಡನ್ನೂ ಮುಚ್ಚುವ ಫುಲ್ ಫೇಸ್ ಮಾಸ್ಕ್. ಬಾಯಿ ತೆರೆದು ಮಲಗುತ್ತೇನೆ ಅಂದಿದ್ದಕ್ಕೆ ಅದನ್ನು ಕೊಟ್ಟಿದ್ದರು. ಅಂಗಡಿಯಲ್ಲಿ ಕುರ್ಚಿ ಮೇಲೆ ಕೂತು ಹಾಕಿಕೊಂಡಾಗ ಚೆನ್ನಾಗಿಯೇ ಇತ್ತು. ಮನೆಯಲ್ಲಿ ಪಕ್ಕಕ್ಕೆ ಹೊರಳಿದರೆ ಸಾಕು, ಮೂಗಿನ ಪಕ್ಕದಿಂದ ಗಾಳಿ ನುಗ್ಗಿ ಕಣ್ಣಿಗೆ ಹೊಡೆಯುತ್ತಿತ್ತು. ಸ್ಟ್ರಾಪ್ ಬಿಗಿ ಮಾಡಿದೆ. ಸೋರುವುದು ಇನ್ನೂ ಜಾಸ್ತಿಯಾಯಿತು, ಮೂಗಿನ ಮೇಲೆ ಕೆಂಪು ಗೆರೆ ಬೇರೆ. ಒಳಗಿನ ತೆಳ್ಳನೆಯ ಸಿಲಿಕಾನ್ ಅಂಚು ಗಾಳಿಗೆ ಉಬ್ಬಿಕೊಂಡರೇನೇ ಮುಖಕ್ಕೆ ಅಂಟುವುದು. ಎಳೆದು ಕಟ್ಟಿದರೆ ಅದು ಮಡಿಚಿಕೊಂಡು ಸಂದಿ ಬಿಡುತ್ತದೆ. ಇದು ತಿಳಿಯಲು ನನಗೆ ಮೂರು ವಾರ ಬೇಕಾಯಿತು.

ಆಗ ಮೆಷಿನ್ ಆಟೋದಲ್ಲಿ ಇತ್ತು, ಅಂದರೆ ಗಾಳಿಯ ಪ್ರೆಷರನ್ನು (ಸೆಂಟಿಮೀಟರ್ ನೀರಿನ ಲೆಕ್ಕದಲ್ಲಿ) 4ರಿಂದ 20ರವರೆಗೆ ತಾನೇ ಏರಿಸಿ ಇಳಿಸುತ್ತಿತ್ತು. ಮಲಗುವಾಗ 4ರಲ್ಲಿ ಗಾಳಿ ಸಾಲದೆ ಉಸಿರು ಕಟ್ಟಿದ ಹಾಗೆ ಅನಿಸುತ್ತಿತ್ತು. ನಡುರಾತ್ರಿ 16ಕ್ಕೆ ಏರುತ್ತಿತ್ತು. ಬೆಳಿಗ್ಗೆ ಎದ್ದರೆ ಹೊಟ್ಟೆ ಉಬ್ಬರ, ತೇಗು. ರಾತ್ರಿಯ ಲೆಕ್ಕವೆಲ್ಲ ದಾಖಲಾಗುವ ಮೆಷಿನ್ನಿನ ಕಾರ್ಡ್ ನೋಡಿದ ಡಾಕ್ಟರ್ ಪ್ರೆಷರ್ ಮುಟ್ಟಲೇ ಇಲ್ಲ. "ಮೊದಲು ಮಾಸ್ಕ್ ಬದಲಾಯಿಸಿ" ಅಂದರು. ಗಾಳಿ ಸೋರಿದರೆ ಮೆಷಿನ್‌ಗೆ ಉಸಿರಿನ ಅಂದಾಜು ತಪ್ಪುತ್ತದಂತೆ. ಜೊತೆಗೆ ದೊಡ್ಡ ಮಾಸ್ಕ್ ದವಡೆಯನ್ನು ಹಿಂದಕ್ಕೆ ಒತ್ತಿದರೆ ನಾಲಿಗೆಯೂ ಹಿಂದೆ ಸರಿದು, ಉಸಿರಿನ ದಾರಿ ಬಿಡಿಸಲು ಇನ್ನೂ ಹೆಚ್ಚಿನ ಪ್ರೆಷರ್ ಬೇಕಾಗುತ್ತದೆ.

ಎರಡನೆಯದು ಮೂಗಿನ ಹೊಳ್ಳೆಗೆ ಕೂರುವ ನೇಸಲ್ ಪಿಲ್ಲೋ. ಇಷ್ಟು ಹಗುರವಾದದ್ದು ಬೇರೆ ಇಲ್ಲ. ಕನ್ನಡಕ ಹಾಕಿಕೊಂಡು ಓದಬಹುದು, ಮೀಸೆಗೂ ತೊಂದರೆಯಿಲ್ಲ. ಆದರೆ ಪ್ರೆಷರ್ 10 ದಾಟಿದರೆ ಗಾಳಿ ನೇರ ಒಂದೇ ಕಡೆ ಚುಚ್ಚಿದ ಹಾಗಾಗಿ, ನನ್ನ ಹೊಳ್ಳೆಯ ಅಂಚು ಹುಣ್ಣಾಯಿತು. ಕಮ್ಮಿ ಪ್ರೆಷರ್ ಇರುವವರು ಇದನ್ನೇ ಮೊದಲು ನೋಡಿ.

ಮೂರನೆಯದು ಮೂಗನ್ನಷ್ಟೇ ಮುಚ್ಚುವ ನೇಸಲ್ ಮಾಸ್ಕ್. ಈ ಸಲ ಮಂಚದ ಮೇಲೆ ಮಲಗಿ, ಮೆಷಿನ್ ಆನ್ ಮಾಡಿ, ಎರಡೂ ಮಗ್ಗುಲಿಗೆ ಹೊರಳಿ ಸ್ಟ್ರಾಪ್ ಸರಿ ಮಾಡಿಕೊಂಡೆ. ಗಾಳಿಗೆ ತೇವ ಕೊಡುವ ಹ್ಯುಮಿಡಿಫೈಯರ್ ಸ್ವಲ್ಪ ಏರಿಸಿದೆ. ಮೂಗು ಕಟ್ಟುವುದು ನಿಂತಿತು, ಬಾಯಿ ತಾನಾಗಿಯೇ ಮುಚ್ಚಿಕೊಂಡಿತು. ನಾನು ಬಾಯಲ್ಲಿ ಉಸಿರಾಡುತ್ತಿದ್ದದ್ದೇ ಮೂಗು ಕಟ್ಟಿರುತ್ತಿದ್ದರಿಂದ, ಅಲ್ವಾ!

ಆಮೇಲೆ ಪ್ರೆಷರ್. ಡಾಕ್ಟರ್ ಮೊದಲು 10ಕ್ಕೆ ನಿಲ್ಲಿಸಿದರು. ಮಗ್ಗುಲಾಗಿ ಮಲಗಿದ ರಾತ್ರಿ ಸಾಕಾಗುತ್ತಿತ್ತು, ಅಂಗಾತ ಮಲಗಿದರೆ ಗೊರಕೆ ಮತ್ತೆ ಶುರು. ಕೊನೆಗೆ ಆಟೋದಲ್ಲೇ 8ರಿಂದ 12ರ ನಡುವೆ ಕಟ್ಟಿದರು. ಈಗ ಎಎಚ್‌ಐ 2, 3ರ ಆಸುಪಾಸು. ಉಬ್ಬರವೂ ಇಲ್ಲ. ಮೊದಲ ವಾರ ನನ್ನ ಹೆಂಡತಿ ನಡುರಾತ್ರಿ ಎಬ್ಬಿಸಿ "ರೀ, ಮೆಷಿನ್ ಆಫ್ ಆಗಿದೆಯಾ?" ಅಂತ ಕೇಳಿದ್ದಳು. ಅಷ್ಟು ಸದ್ದಿಲ್ಲ.

ಸಿಲಿಕಾನಿಗೆ ಮುಖದ ಜಿಡ್ಡು ಅಂಟಿದರೆ ಯಾವ ಮಾಸ್ಕ್ ಆದರೂ ಜಾರುತ್ತದೆ, ಹಾಗಾಗಿ ದಿನಾ ಬೆಳಿಗ್ಗೆ ಸೋಪಿನ ನೀರಲ್ಲಿ ತೊಳೆಯುತ್ತೇನೆ. ಫುಲ್ ಫೇಸ್ ಮಾಸ್ಕನ್ನು ಬಿಸಾಡಿಲ್ಲ. ನೆಗಡಿಯಾಗಿ ಮೂಗು ಪೂರ್ತಿ ಕಟ್ಟಿದ ರಾತ್ರಿಗಳಿಗೆ ಅದೇ ಗತಿ.